ಸದ್ದಿಲ್ಲದವನ ಅಧಿಕಾರ

ನೂರು ಮಂದಿ ವಾದ್ಯ ನುಡಿಸುವ ವೇದಿಕೆಯಲ್ಲಿ ಒಬ್ಬನ ಕೈಯಲ್ಲಿ ಮಾತ್ರ ವಾದ್ಯವಿರುವುದಿಲ್ಲ. ಪಾಶ್ಚಾತ್ಯ ವಾದ್ಯವೃಂದದ ನಿರ್ದೇಶಕ, ಅಂದರೆ ಕಂಡಕ್ಟರ್, ಒಂದೇ ಒಂದು ಸ್ವರವನ್ನೂ ಹೊರಡಿಸುವುದಿಲ್ಲ. ಆದರೂ ಎಲ್ಲರ ಕಣ್ಣು ಅವನ ಕೈಯ ಮೇಲಿರುತ್ತದೆ. ಕೊನೆಯಲ್ಲಿ ಚಪ್ಪಾಳೆಯ ದೊಡ್ಡ ಪಾಲೂ ಅವನಿಗೇ ಸಲ್ಲುತ್ತದೆ. ತಾನು ನುಡಿಸದೆ ಇತರರನ್ನು ನುಡಿಸುವ ಈ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಇದು ಬರೀ ಸಂಗೀತದ ಪ್ರಶ್ನೆಯಲ್ಲ. ಮನೆಯ ಹಿರಿಯರು, ಶಾಲೆಯ ಮುಖ್ಯೋಪಾಧ್ಯಾಯರು, ಸಂಘದ ಅಧ್ಯಕ್ಷರು, ಆಳುವ ಮಂತ್ರಿಗಳು ಎಲ್ಲರ ಬಗ್ಗೆಯೂ ನಾವು ಕೇಳಬೇಕಾದ ಪ್ರಶ್ನೆ ಇದು.

ವಾದ್ಯವೃಂದವೆಂಬುದು ಮೈಸೂರು ಸೀಮೆಗೆ ಹೊರಗಿನ ಮಾತೇನೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ವಾದ್ಯವೃಂದಕ್ಕೆ ಜರ್ಮನಿಯ ಆಟೊ ಸ್ಮಿತ್ ನಿರ್ದೇಶಕರಾಗಿದ್ದರು. ಜಯಚಾಮರಾಜ ಒಡೆಯರು 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅದೇ ವೇಳೆ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಇದೇ ಮೈಸೂರು ಮಹಾರಾಜರು. ಅಂದು ನಿರ್ದೇಶಕನ ಪೀಠದಲ್ಲಿದ್ದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಹೆಸರಿಗೆ ನಾವು ಮತ್ತೆ ಬರಬೇಕಾಗಿದೆ.

ಮೊದಲು ಈ ಅಧಿಕಾರ ಗಳಿಸುವ ಬಗೆಯನ್ನು ನೋಡೋಣ. ಬಲಗೈಯಿಂದ ಲಯ ತೋರಿಸುವುದು, ಎಡಗೈಯಿಂದ ಏರಿಳಿತ ಸೂಚಿಸುವುದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವೇ ಹೆಚ್ಚು. ಇಪ್ಪತ್ತಕ್ಕೂ ಮಿಕ್ಕಿದ ಸಾಲುಗಳಲ್ಲಿ ಬರೆದ ಸ್ವರಲಿಪಿಯನ್ನು ಒಟ್ಟಿಗೇ ಓದಬೇಕು. ವಾದ್ಯಕ್ಕೆ ಕೈ ಹಾಕುವ ಮೊದಲೇ ಅದು ಮನಸ್ಸಿನಲ್ಲಿ ಕೇಳಿಸಬೇಕು. ಅಷ್ಟು ಜನರ ನಡುವೆ ಯಾರು ಕೂದಲೆಳೆಯಷ್ಟು ಜಾರಿದರು ಎಂದು ಕಿವಿ ಹಿಡಿಯಬೇಕು. ಮುಂಬಯಿಯ ಜುಬಿನ್ ಮೆಹ್ತಾ 1954ರಲ್ಲಿ, 18ರ ಹರೆಯದಲ್ಲಿ, ವಿಯೆನ್ನಾಗೆ ಹೋದರು. ಅಲ್ಲಿ ಹಾನ್ಸ್ ಸ್ವರೋವ್‌ಸ್ಕಿಯವರ ಬಳಿ ನಿರ್ದೇಶನ ಕಲಿಯುತ್ತಲೇ ಡಬಲ್ ಬಾಸ್ ನುಡಿಸಿದರು. ದೊಡ್ಡ ನಿರ್ದೇಶಕರ ತಾಲೀಮು ನೋಡಲೆಂದೇ ಸಹಪಾಠಿ ಕ್ಲಾಡಿಯೋ ಅಬಾಡೋ ಜೊತೆ ಗಾಯಕರ ಸಾಲಿನಲ್ಲಿ ನಿಂತು ಹಾಡಿದರು. ಆಜ್ಞೆ ಕೊಡುವ ಜಾಗಕ್ಕೆ ಹೋಗುವ ದಾರಿ ಆಜ್ಞೆ ಪಾಲಿಸುವವರ ಸಾಲಿನ ಮೂಲಕವೇ ಹಾದುಹೋಗುತ್ತದೆ.

ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ನಿರ್ದೇಶಕನೇ ಇಲ್ಲ. ತಾಳವನ್ನು ಗಾಯಕರು ತಮ್ಮ ತೊಡೆಯ ಮೇಲೇ ಹಾಕುತ್ತಾರೆ, ಎದುರು ಕುಳಿತ ಕೇಳುಗರೂ ಹಾಕುತ್ತಾರೆ. ಅಲ್ಲಿ ಎಲ್ಲವನ್ನೂ ಹಿಡಿದಿಡುವುದು ಒಬ್ಬರನ್ನೊಬ್ಬರು ಆಲಿಸುವ ಗುಣ. ಇದಕ್ಕೆ ಟಿ. ನರಸೀಪುರದ ಪಕ್ಕದ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1910ರಿಂದ ಎಂಟು ವರ್ಷ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಪಳಗಿದ ಅವರು, ಚೆಂಬೈ ವೈದ್ಯನಾಥ ಭಾಗವತರಂತಹ ದಿಗ್ಗಜರಿಗೆ ಪಕ್ಕವಾದ್ಯ ನುಡಿಸಿದರು. ಧ್ವನಿವರ್ಧಕ ಅಪರೂಪವಾಗಿದ್ದ ದಿನಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದಾಗಲೂ ಅವರ ಹಿರಿಮೆಯ ಬುಡದಲ್ಲಿದ್ದುದು ಮುಂದಿನವರ ಮನೋಧರ್ಮ ಅರಿತು ಅನುಸರಿಸುವ ವಿದ್ಯೆ. ಅನುಸರಿಸುವುದು ಸಣ್ಣತನವಲ್ಲ ಎಂಬುದಕ್ಕೆ ಆ ಬದುಕೇ ಸಾಕ್ಷಿ.

ಹಾಗಾದರೆ ನಾಯಕನೇ ಬೇಡವೇ? ಮಾಸ್ಕೋದಲ್ಲಿ 1922ರಿಂದ 1932ರವರೆಗೆ ‘ಪೆರ್ಸಿಮ್‌ಫಾನ್ಸ್’ ಎಂಬ ವಾದ್ಯವೃಂದ ನಿರ್ದೇಶಕನಿಲ್ಲದೆಯೇ ನಡೆಯಿತು. ಒಬ್ಬರಿಗೊಬ್ಬರು ಕಾಣುವಂತೆ ವೃತ್ತಾಕಾರವಾಗಿ ಕುಳಿತು ನುಡಿಸುತ್ತಿದ್ದರು. ಅದು ಸಾಧ್ಯವೇ, ಆದರೆ ಸುಲಭವಲ್ಲ. ಒಬ್ಬನು ಹೊರುತ್ತಿದ್ದ ಜವಾಬ್ದಾರಿಯನ್ನು ಆಗ ಪ್ರತಿಯೊಬ್ಬನೂ ಹೊರಬೇಕು. ಇನ್ನು ನಂಜನಗೂಡಿನ ದೊಡ್ಡ ಜಾತ್ರೆಯ ತೇರನ್ನೇ ನೆನೆಯಿರಿ. ಹಗ್ಗ ಹಿಡಿದ ನೂರಾರು ಮಂದಿಗೆ ಯಾವಾಗ ಎಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಸನ್ನೆ ಬೇಕೇ ಬೇಕು. ಸನ್ನೆ ತಪ್ಪಿದರೆ ಚಕ್ರದ ಬಳಿ ಇರುವವರ ಜೀವಕ್ಕೇ ಅಪಾಯ. ಆದರೆ ಸನ್ನೆ ಕೊಟ್ಟವನು ತೇರು ಎಳೆದದ್ದು ನಾನೇ ಎಂದರೆ ಯಾರು ಒಪ್ಪುತ್ತಾರೆ?

ಕಂಟಕವಿರುವುದು ಇಲ್ಲೇ. ಇಟಲಿಯ ಆರ್ತುರೋ ಟಾಸ್ಕನಿನಿ ಚೆಲ್ಲೋ ವಾದಕರಾಗಿ ಸಾಲಿನಲ್ಲಿ ಕುಳಿತಿದ್ದವರು. 1886ರಲ್ಲಿ ರಿಯೋ ಡಿ ಜನೈರೋದಲ್ಲಿ ತುರ್ತಾಗಿ ನಿರ್ದೇಶಕನ ಜಾಗಕ್ಕೆ ಏರಿದಾಗ ಅವರಿಗೆ 19 ವರ್ಷ. 1931ರಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದೆ ಬೊಲೋನ್ಯಾದಲ್ಲಿ ಹೊಡೆತ ತಿಂದರು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಬೈರಾಯ್ಟ್ ಉತ್ಸವವನ್ನೂ ತ್ಯಜಿಸಿದರು. ಆದರೆ ಸರ್ವಾಧಿಕಾರಿಗೆ ತಲೆಬಾಗದ ಇದೇ ವ್ಯಕ್ತಿ ತಾಲೀಮಿನಲ್ಲಿ ವಾದಕರ ಮೇಲೆ ಸಿಡಿದು ಬೀಳುತ್ತಿದ್ದರು. ಇತ್ತ ಫುರ್ಟ್‌ವೆಂಗ್ಲರ್ ನಾಜಿ ಪಕ್ಷ ಸೇರಲಿಲ್ಲ. ಕೆಲವು ಯಹೂದಿ ಕಲಾವಿದರಿಗೆ ನೆರವಾದರು. ಆದರೂ ಜರ್ಮನಿಯಲ್ಲೇ ಉಳಿದು ಆ ಆಳ್ವಿಕೆಗೆ ಮೆರುಗು ಕೊಟ್ಟರೆಂಬ ಆಕ್ಷೇಪಕ್ಕೆ ಗುರಿಯಾದರು. ಫಿಲ್‌ಹಾರ್ಮೋನಿಯಾವನ್ನು ನಿರ್ದೇಶಿಸಿದ ಇನ್ನೊಬ್ಬರು, ಕರಾಯಾನ್, ಆ ಪಕ್ಷದ ಸದಸ್ಯರೇ ಆಗಿದ್ದವರು. ನಮ್ಮ ಮೈಸೂರಿನ ನೆರವು ಪಡೆದ ವೇದಿಕೆಯಲ್ಲಿ ಇವರಿಬ್ಬರೂ ನಿಂತಿದ್ದರು.

ಪ್ರತಿಭೆ ಇದ್ದರೆ ಸಾಕು, ಉಳಿದುದನ್ನು ಕೇಳಬಾರದೆಂಬ ವಾದವನ್ನು ನಾವು ಒಪ್ಪಲಾರೆವು. ಹಾಗೆಂದು ಅವರ ಸಂಗೀತಕ್ಕೆ ಕಿವಿ ಮುಚ್ಚಿಕೊಳ್ಳಬೇಕೆಂದೂ ಹೇಳಲಾರೆವು. ಇಂಪಾದ ಸಂಗೀತ ಅದನ್ನು ನುಡಿಸಿದವರ ನಡತೆಗೆ ಪ್ರಮಾಣಪತ್ರವಾಗದು, ಅಷ್ಟೇ. ಪೀಠ ಎತ್ತರವಾದಷ್ಟೂ ಪ್ರಶ್ನೆಗಳು ಕಡಿಮೆಯಾಗಬೇಕೆಂದು ಬಯಸುವ ಸಮಾಜ, ತನ್ನ ಕಿವಿಯನ್ನು ತಾನೇ ಕಳೆದುಕೊಳ್ಳುತ್ತದೆ.

ನಿರ್ದೇಶಕನ ಅಧಿಕಾರ ಒಂದು ಸಾಲ. ಅದನ್ನು ಕೊಟ್ಟವರು ವಾದಕರು. ಅವರು ಬಿಲ್ಲು ಕೆಳಗಿಟ್ಟರೆ ಅವನ ಕೋಲು ಬರೀ ಗಾಳಿಯನ್ನು ಸೀಳುತ್ತದೆ. ಅವನು ಆ ಸಾಲ ತೀರಿಸಬೇಕಾದುದು ತಾನು ಹೆಚ್ಚು ಕಾಣಿಸಿಕೊಂಡು ಅಲ್ಲ, ಕೊನೆಯ ಸಾಲಿನಲ್ಲಿ ಕುಳಿತವನ ಸ್ವರವೂ ಕೇಳಿಸುವಂತೆ ಮಾಡಿ. ನಮ್ಮನ್ನು ನಡೆಸುವವರನ್ನು ಅಳೆಯಲು ನಮಗೂ ಇದೇ ಅಳತೆಗೋಲು ಸಾಕು. ಅವರು ಎಷ್ಟು ಜೋರಾಗಿ ಮಾತಾಡುತ್ತಾರೆ ಎಂದು ನೋಡುವ ಬದಲು, ಅವರ ಮುಂದೆ ಯಾರ ಯಾರ ದನಿ ಏಳುತ್ತದೆ, ಯಾರದು ಅಡಗುತ್ತದೆ ಎಂಬುದನ್ನು ಗಮನಿಸೋಣ.