ಕೀಲು

ಮೂವತ್ತೊಂದು ವರ್ಷ ಎಚ್‌ಎಂಟಿ ಟೂಲ್‌ರೂಮಿನಲ್ಲಿ ಸವೆದವನಿಗೆ ಮೂರು ರಿವೆಟ್ ಆರಿಸಲು ಹನ್ನೊಂದು ದಿನ ಬೇಕಾಯಿತು ಎಂದರೆ ಹಳೆಯ ಗೆಳೆಯರು ನಗುತ್ತಾರೆ. ನಗಲಿ.

ಕಾರು 1955ರ ಮಾರಿಸ್ ಮೈನರ್, ಬಟ್ಟೆಯ ಟಾಪ್ ಮಡಚುವಂಥದ್ದು. ಬಟ್ಟೆ ಎಂದೋ ಹರಿದುಹೋಗಿ, ಒಳಗಿನ ಕಬ್ಬಿಣದ ಚೌಕಟ್ಟು ಮಾತ್ರ ಉಳಿದಿತ್ತು. ಕೊಡೆಯ ಕಡ್ಡಿಗಳ ಹಾಗೆ ಒಂದರ ಮೇಲೊಂದು ಮಲಗುವ ಪಟ್ಟಿಗಳು, ಕೀಲಿಗೊಂದು ರಿವೆಟ್. ಎಡಗಡೆಯ ಮೂರು ಕೀಲುಗಳಿಗೆ ಹಿಂದೆ ಯಾರೋ ಅಲ್ಯುಮಿನಿಯಂ ಪಾಪ್ ರಿವೆಟ್ ಹೊಡೆದಿದ್ದರು. ತಗಡಿಗೆ ತಗಡು ಸೇರಿಸಲು ಅದು ಸರಿ, ತಿರುಗುವ ಕೀಲಿಗೆ ಆಗದು. ಟೊಳ್ಳು, ಮೆತ್ತನೆ. ಒಂದು ತುಂಡಾಗಿತ್ತು. ಇನ್ನೆರಡರ ಅಲುಗಾಟಕ್ಕೆ ತೂತುಗಳು ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು.

ಕೀಲಿನ ರಿವೆಟ್‌ಗೆ ಮೆಟ್ಟಿಲಿರಬೇಕು: ದಪ್ಪ ನಡು, ಸಣ್ಣ ಬಾಲ. ನಡುವಿನ ಉದ್ದ ಪಟ್ಟಿಯ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿಗೆ. ಬಾಲವನ್ನು ತಟ್ಟಿ ಹರಡಿದಾಗ ಅದು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗುತ್ತದೆ, ಪಟ್ಟಿ ಮಾತ್ರ ಸಲೀಸಾಗಿ ತಿರುಗುತ್ತದೆ. ಬಿಡದ ಹಾಗೆ ಹಿಡಿಯಬೇಕು, ಹಿಡಿದೂ ತಿರುಗಲು ಬಿಡಬೇಕು. ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ್ದು 6 ಮಿ.ಮೀ.ನ ಸಾದಾ ರಿವೆಟ್. ಹಳೆಯ ತೂತು ಕಾಲು ಇಂಚು, ಅಂದರೆ 6.35. ‘ಅಷ್ಟು ನಡೆಯುತ್ತೆ ಬಿಡಿ ಸಾರ್’ ಎಂದ ಅಂಗಡಿಯವನು. ನಡೆಯುವುದಿಲ್ಲ. ಕೀಲಿನಲ್ಲಿ ಉಳಿದ ಆ ಸಣ್ಣ ಸಂದು ಪಟ್ಟಿಯ ತುದಿಗೆ ಹೋಗುವಷ್ಟರಲ್ಲಿ ಹಲವು ಪಟ್ಟು ದೊಡ್ಡದಾಗುತ್ತದೆ, ಟಾಪ್ ಗಾಜಿನ ಚೌಕಟ್ಟಿಗೆ ಕೂರುವುದೇ ಇಲ್ಲ. ಕೊನೆಗೆ ರೀಮರ್ ಹಾಕಿ ತೂತುಗಳನ್ನು ದುಂಡಗೆ ಮಾಡಿ, ಆ ಅಳತೆಗೆ ಲೇತ್‌ನಲ್ಲಿ ನಾನೇ ಕಡೆದೆ. ಸಾದಾ ಮೈಲ್ಡ್ ಸ್ಟೀಲ್. ಗಂಧಕ ಬೆರೆತ ಫ್ರೀ ಕಟಿಂಗ್ ಸ್ಟೀಲು ಲೇತ್‌ನಲ್ಲಿ ಬೆಣ್ಣೆಯಂತೆ ಬರುತ್ತದೆ, ಸುತ್ತಿಗೆಯ ಕೆಳಗೆ ಸೀಳುತ್ತದೆ.

ಇದೆಲ್ಲ ಲೆಕ್ಕದ ಮಾತು, ಲೆಕ್ಕಕ್ಕೆ ಉತ್ತರವಿರುತ್ತದೆ. ಹನ್ನೊಂದು ದಿನ ತಿಂದದ್ದು ಕಾರಿನ ಒಡೆಯನಾದ ಹುಡುಗ ಕೇಳಿದ ಪ್ರಶ್ನೆ. ಬಲಗಡೆಯ ರಿವೆಟ್‌ಗಳನ್ನೂ ತೆಗೆದು ಎಲ್ಲ ಒಂದೇ ಸಮ ಮಾಡೋಣವೇ ಎಂದಿದ್ದೆ. ಅವನು ತಲೆ ಕೆರೆದುಕೊಂಡು, ‘ಹೀಗೇ ಬದಲಾಯಿಸ್ತಾ ಹೋದ್ರೆ ಇದು ನಮ್ಮ ತಾತನ ಕಾರೇ ಆಗಿರುತ್ತಾ ಸಾರ್?’ ಎಂದ.

ಬೋಲ್ಟನ್ನು ಬಿಚ್ಚಬಹುದು. ರಿವೆಟ್ಟನ್ನು ಬಿಚ್ಚಲಾಗದು, ತಲೆ ತರಿದು ಕೊಲ್ಲಬೇಕು. ಕೂಡಿದ್ದನ್ನು ಉಳಿಸಲು ಹೊರಟವನು ಮೊದಲು ಕೂಡಿಕೆಯನ್ನೇ ಹಾಳು ಮಾಡಬೇಕು.

ನಮ್ಮ ತಂದೆ ಮೈಸೂರಿನ ಪಾಠಶಾಲೆಯೊಂದರಲ್ಲಿ ತರ್ಕಸಂಗ್ರಹ ಹೇಳಿಕೊಡುತ್ತಿದ್ದರು, 17ನೇ ಶತಮಾನದ ಅನ್ನಂಭಟ್ಟ ಬರೆದ ನ್ಯಾಯದರ್ಶನದ ಪುಟ್ಟ ಪುಸ್ತಕ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ಮಗ್ಗ ಮತ್ತು ನೇಕಾರ ನಿಮಿತ್ತ ಕಾರಣ. ನೈಯಾಯಿಕರ ಮಟ್ಟಿಗೆ ಬಟ್ಟೆ ನೂಲಿನ ಗಂಟಲ್ಲ, ನೂಲಿಗಿಂತ ಬೇರೆಯಾದ ಒಂದು ವಸ್ತು. ಆದರೆ ಸಂಯೋಗ ಹೋದರೆ ಅದೂ ಹೋಯಿತು. ಒಂದೆಳೆ ಕಿತ್ತರೂ ಹಳೆಯ ಬಟ್ಟೆ ನಾಶ, ಉಳಿದ ಎಳೆಗಳಿಂದ ಹುಟ್ಟಿದ್ದು ಬೇರೆಯೇ ಬಟ್ಟೆ, ಖಂಡಪಟ. ದೀಪಾವಳಿಗೆ ಹೊಸ ಅಂಗಿ ಕೇಳಿದರೆ ಅಪ್ಪ ಹಳೆಯ ಅಂಗಿಯ ಒಂದು ದಾರ ಎಳೆದು, ‘ತಗೊಳಪ್ಪ, ಹೊಸದು’ ಎನ್ನುತ್ತಿದ್ದರು. ಆ ಸಿಟ್ಟಿಗೇ ನಾನು ತರ್ಕ ಬಿಟ್ಟು ಕಾರ್ಖಾನೆ ಸೇರಿದೆನೋ ಏನೋ.

ಬೌದ್ಧರದು ಇದಕ್ಕೆ ತದ್ವಿರುದ್ಧ. ಮಿಲಿಂದಪನ್ಹದಲ್ಲಿ ನಾಗಸೇನ ಭಿಕ್ಷು ಗ್ರೀಕ್ ರಾಜ ಮಿಲಿಂದನ ರಥವನ್ನು ಮಾತಿನಲ್ಲೇ ಬಿಚ್ಚಿಹಾಕುತ್ತಾನೆ. ಮೂಕಿ ರಥವೇ? ಅಚ್ಚು? ಗಾಲಿ? ನೊಗ? ಚಾವಟಿ? ಯಾವುದೂ ಅಲ್ಲ, ರಥವೆಂಬುದು ಬರೀ ಹೆಸರು. ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ಫಿಟ್ಟರನಾದ ನನಗೊಂದು ತಕರಾರಿದೆ: ಚಾವಟಿಯನ್ನೂ ಬಿಡದೆ ಎಣಿಸಿದವನು ಕಡಾಣಿಯನ್ನು ಕೇಳಲೇ ಇಲ್ಲ. ಬಿಡಿಭಾಗವನ್ನು ರಥ ಮಾಡುವುದು ಅದೇ ಅಲ್ಲವೇ?

ಇಬ್ಬರಿಂದಲೂ ಹುಡುಗನಿಗೆ ಹೇಳುವಂಥ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಉಡುಪಿಯ ಕಡೆ, ಹೆಂಡತಿಯ ತವರಿನ ದೇವಸ್ಥಾನದಲ್ಲಿ. ವಿಗ್ರಹವನ್ನು ಪೀಠಕ್ಕೆ ಹಿಡಿಸುವ ಅಷ್ಟಬಂಧ, ಎಂಟು ದ್ರವ್ಯ ಕುಟ್ಟಿ ಮಾಡುವ ಪಾಕ, ಕಾಲಕ್ರಮದಲ್ಲಿ ಸಡಿಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹಾಕಿ ಬ್ರಹ್ಮಕಲಶ ಮಾಡುವುದು ಅಲ್ಲಿನ ವಾಡಿಕೆ. ಜೀರ್ಣೋದ್ಧಾರದ ಹೊತ್ತಿಗೆ ದೇವರ ಸಾನ್ನಿಧ್ಯವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಒಯ್ದು, ಕೆಲಸ ಮುಗಿದ ಮೇಲೆ ಮರಳಿ ತರುತ್ತಾರೆ. ಕೂಡಿಕೆಗೂ ಆಯುಸ್ಸಿದೆ ಎಂದು ಮೊದಲೇ ಒಪ್ಪಿಕೊಂಡ ಪದ್ಧತಿ ಇದು. ಹಳೆಯ ಅಂಟೇ ಇನ್ನೂ ಇದೆಯೆಂದು ಯಾರೂ ಸುಳ್ಳು ಹೇಳುವುದಿಲ್ಲ. ಬ್ರಹ್ಮಕಲಶ ಆದ ಇಸವಿಯನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಪ್ರದಕ್ಷಿಣೆ ಹಾಕುತ್ತಾ ಅದನ್ನು ಓದಿದೆ.

ಕಾರಿಗೆ ಬಾಲಾಲಯವಿಲ್ಲ. ಇಸವಿ ಹಾಕಬಹುದು.

ಹುಡುಗ ಮೊದಲು ಒಪ್ಪಲಿಲ್ಲ. ರ‍್ಯಾಲಿಯಲ್ಲಿ ನೋಡುವವರು ಕಂಡುಹಿಡಿದರೆ ಮಾರ್ಕು ಹೋಗುತ್ತದಂತೆ. ಹೋಗಲಿ ಎಂದೆ. ರಿವೆಟ್‌ಗಳನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟು ಮೆತ್ತಗಾಗಿಸಿದೆ. ಕೀಲಿನ ನಡುವೆ ಹಿತ್ತಾಳೆಯ ವಾಷರ್ ಇಟ್ಟು, ರಿವೆಟ್ ತಲೆಗೆ ಆನಿಸಿ ಹಿಡಿಯುವ ಡಾಲಿಯನ್ನು ಹುಡುಗನ ಕೈಗೆ ಕೊಟ್ಟು, ಬಾಲವನ್ನು ಸಣ್ಣ ಸಣ್ಣ ಏಟಿನಲ್ಲಿ ಹರಡಿದೆ. ಐದು ಏಟಿಗೊಮ್ಮೆ ಪಟ್ಟಿಯನ್ನು ಆಡಿಸಿ ನೋಡಿದೆ.

ಈಗ ಟಾಪ್ ಒಂದೇ ಕೈಯಲ್ಲಿ ಮಡಚುತ್ತದೆ. ಎಡಗಡೆಯ ಮೂರು ರಿವೆಟ್‌ಗಳ ಒಳತಲೆಯ ಮೇಲೆ ನಂಬರ್ ಪಂಚಿನಲ್ಲಿ ಹೊಡೆದ ‘24’ ಇದೆ, ಬಟ್ಟೆ ಹೊದಿಸಿದ ಮೇಲೆ ಕಾಣುವುದಿಲ್ಲ. ಬಲಗಡೆಯವನ್ನು ನಾನು ಮುಟ್ಟಲಿಲ್ಲ. ಅವು ಇನ್ನೂ 1955ರವೇ.