ಬೆಂಕಿಯಿಲ್ಲದೆ ಹೊಗೆಯೆ?

ಒಂದು ಕುಲದವರನ್ನು ಕುರಿತು ಲೋಕವೆಲ್ಲ ಒಂದೇ ಮಾತನ್ನಾಡುತ್ತಿದ್ದರೆ ಅದರಲ್ಲಿ ಏನಾದರೂ ಸತ್ಯವಿರಲೇಬೇಕೆಂದು ಸದ್ಗೃಹಸ್ಥರೂ ನಂಬುವುದುಂಟು. ಬೆಂಕಿಯಿಲ್ಲದೆ ಹೊಗೆಯಾಡುವುದೆ ಎಂಬುದು ಅವರ ಪೂರ್ವಪಕ್ಷ. ಇವರು ಸೋಮಾರಿಗಳು, ಅವರು ಜಿಪುಣರು, ಮತ್ತೊಬ್ಬರು ನಂಬಿಕೆಗೆ ಅರ್ಹರಲ್ಲ ಎಂಬ ಮಾತುಗಳೆಲ್ಲ ಈ ಒಂದು ಗಾದೆಯ ಆಶ್ರಯದಲ್ಲಿ ಬದುಕಿವೆ. ಶರಣಮಾರ್ಗದವರು ಇದನ್ನು ವಿಚಾರಿಸದೆ ಬಿಡಲಾಗದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಕೊರಗರೆಂಬ ಜನರಿದ್ದಾರೆ. ಕಾಡಿನ ಬೀಳಿನಿಂದ ಬುಟ್ಟಿ ಹೆಣೆಯುವುದರಲ್ಲಿ, ಡೋಲು ಬಾರಿಸುವುದರಲ್ಲಿ, ಕೊಳಲೂದುವುದರಲ್ಲಿ ನಿಪುಣರು. ತಮ್ಮದೇ ಆದ ಭಾಷೆಯುಳ್ಳವರು. ಇವರನ್ನು ಕುರಿತು ಊರವರು ತಲೆತಲಾಂತರದಿಂದ ಹೇಳಿಕೊಂಡು ಬಂದುದೇನು? ಕೊಳಕರು, ಎಂಜಲನ್ನೇ ಬಯಸಿ ಉಣ್ಣುವವರು, ಅನಿಷ್ಟವನ್ನು ಮೈಮೇಲೆ ಹೊತ್ತವರು ಎಂದು. ಕಣ್ಣಾರೆ ಕಂಡೆವಲ್ಲ ಎಂದರೆ, ಕಂಡದ್ದು ಸುಳ್ಳಲ್ಲ. ಔತಣದ ಮನೆಯ ಹಿತ್ತಿಲಲ್ಲಿ ಎಂಜಲಿಗಾಗಿ ಕಾದು ಕುಳಿತವರನ್ನು ಊರೆಲ್ಲ ಕಂಡಿತ್ತು. ಅಲ್ಲಿ ಅವರನ್ನು ಕೂರಿಸಿದವರಾರೆಂದು ಮಾತ್ರ ಯಾರೂ ಕೇಳಲಿಲ್ಲ.

ಕೂರಿಸಿದ್ದು ಅಜಲು ಎಂಬ ಪದ್ಧತಿ. ಉಳ್ಳವರ ಮನೆಯ ಕೂದಲು, ಉಗುರುಗಳನ್ನು ಅನ್ನದಲ್ಲಿ ಕಲಸಿ ಕೊರಗರಿಗೆ ಉಣಿಸುತ್ತಿದ್ದರು. ಮನೆಯ ಪೀಡೆ ಅವರಿಗೆ ದಾಟುವುದೆಂಬ ನಂಬಿಕೆ. ಕಂಬಳಕ್ಕೆ ಮುನ್ನ ಅವರನ್ನೇ ಕೋಣಗಳಂತೆ ಕೆಸರುಗದ್ದೆಯಲ್ಲಿ ಓಡಿಸುತ್ತಿದ್ದರು. ಹಾದಿಯ ಮೇಲೆ ಉಗುಳು ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದ ಅಂಡೆಕೊರಗರ ಸಂಗತಿಯನ್ನು 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನರ ಗ್ರಂಥವೂ ಹೇಳುತ್ತದೆ. ಅಂಡೆಯನ್ನು ಕಟ್ಟಿದವರೇ ಅಂಡೆಯನ್ನು ತೋರಿಸಿ ಹೇಸಿದರು!

ತರ್ಕಶಾಸ್ತ್ರದಲ್ಲಿ ಇದಕ್ಕೆ ತಕ್ಕ ದೃಷ್ಟಾಂತವಿದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ನಿಜ. ಆದರೆ ಬೆಂಕಿಯ ಸ್ವಭಾವವೇ ಹೊಗೆಯಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಕಟ್ಟಿಗೆ ಸೇರಿದಾಗಲೇ ಹೊಗೆ. ಈ ಹಸಿ ಕಟ್ಟಿಗೆಯನ್ನು ತಾರ್ಕಿಕರು ಉಪಾಧಿಯೆನ್ನುವರು. ಕೊರಗರಲ್ಲಿ ಕಂಡ ಹೀನಸ್ಥಿತಿಗೆ ಉಪಾಧಿ ಅಜಲು, ಹುಟ್ಟಲ್ಲ. ಉಪಾಧಿಯನ್ನು ಮರೆತು ಸ್ವಭಾವವೆಂದು ಸಾಧಿಸಹೊರಟರೆ ಹೇತು ಕೆಟ್ಟಿತು.

ಉತ್ತರದ ಸೀಮೆಯ ಭಕ್ತರಿಗೆ ಹುಬ್ಬಳ್ಳಿಯ ಸೆಟಲ್‌ಮೆಂಟಿನ ಹೆಸರು ಪರಿಚಿತ. 1871ರ ಬ್ರಿಟಿಷರ ಕಾಯಿದೆಯೊಂದು ಕೆಲವು ಕುಲಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಗೆ ಸೇರಿಸಿತು. ಅಂಥವರನ್ನಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದ ವಸಾಹತು ಅದು. ಅಲೆದು ಬದುಕುವವರಿಗೆ ಅಲೆಯುವುದನ್ನೇ ತಡೆದ ಮೇಲೆ ಹೊಟ್ಟೆ ಹೊರೆಯುವ ದಾರಿಯಾವುದು? 1952ರಲ್ಲಿ ಕಾಯಿದೆ ಹೋಯಿತು. ಕಳ್ಳರೆಂಬ ಮಾತು ಅದರೊಡನೆ ಹೋಗಲಿಲ್ಲ.

ಅಜಲನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ಬಂದುದು 2000ದಲ್ಲಿ. ಅನ್ನದಲ್ಲಿ ಕೂದಲು ಉಗುರು ಕಲಸುವುದನ್ನೂ ಕಂಬಳದ ಮುನ್ನ ಓಡಿಸುವುದನ್ನೂ ಅದು ಹೆಸರಿಸಿಯೇ ನಿಷೇಧಿಸಿದೆ. ಸ್ವತಂತ್ರ ಭಾರತಕ್ಕೆ ಅಷ್ಟು ವರ್ಷ ಹಿಡಿಯಿತು! ಈಗ ಕೊರಗರಲ್ಲಿ ಉನ್ನತ ಪದವಿ ಪಡೆದವರಿದ್ದಾರೆ, ಉಪಾಧ್ಯಾಯರಿದ್ದಾರೆ. ಅವರನ್ನು ಕಂಡ ಊರವರು ಹಳೆಯ ಮಾತನ್ನು ಬಿಡುವುದಕ್ಕೆ ಬದಲಾಗಿ “ಇವರೊಬ್ಬರು ಬೇರೆ” ಎನ್ನುತ್ತಾರೆ. ಮೆಚ್ಚುಗೆಯಂತೆ ಕೇಳಿಸುವ ಈ ಮಾತೇ ಹೆಚ್ಚು ಅಪಾಯದ್ದು. ಒಬ್ಬರನ್ನು ಹೊರಗೆ ತೆಗೆದು, ಉಳಿದ ಕುಲವನ್ನೆಲ್ಲ ಮೊದಲಿದ್ದಲ್ಲೇ ಇಡುವ ಉಪಾಯವದು.

ಮಾದಾರ ಚೆನ್ನಯ್ಯನವರನ್ನು ಬಸವಣ್ಣನವರು ಹಾಗೆ ಹೊಗಳಲಿಲ್ಲ. ಮಾದಾರರಲ್ಲಿ ಇವನೊಬ್ಬ ಬೇರೆ ಎನ್ನದೆ, ತಾವೇ ಆ ಮನೆಯ ಮಗನೆಂದು ಹೇಳಿಕೊಂಡರು.