ಅಗ್ನಿಗಳ ಪಾಠ, ಆಚಾರ್ಯನ ಪ್ರಶ್ನೆ

ಬೋಧಿಸುವ ಸ್ಥಾನದಲ್ಲಿರುವವನು ತನ್ನ ವಿಷಯವನ್ನು ಚೆನ್ನಾಗಿ ಬಲ್ಲವನಾಗಿದ್ದು, ಅದನ್ನು ತಲುಪಿಸಲು ಬಂದಿರುವ ಹೊಸ ಉಪಕರಣವನ್ನು ಮಾತ್ರ ಅರಿಯದವನಾಗಿದ್ದರೆ, ಮತ್ತು ಆ ಉಪಕರಣದ ಬಳಕೆಯಲ್ಲಿ ಅವನ ವಿದ್ಯಾರ್ಥಿಗಳೇ ಅವನಿಗಿಂತ ನುರಿತವರಾಗಿದ್ದರೆ, ಅವನ ಗುರುತ್ವ ಯಾವುದರ ಮೇಲೆ ನಿಂತಿದೆ ಎಂಬ ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಇದು ಶಿಕ್ಷಣ ಇಲಾಖೆಯ ತರಬೇತಿ ಶಿಬಿರದಲ್ಲಿ ಬಗೆಹರಿಯಬೇಕಾದ ಸಂಗತಿಯಂತೆ ಕಂಡರೂ, ಭಾರತೀಯ ದರ್ಶನಗಳು ಪ್ರಮಾಣ ಮತ್ತು ಅಧಿಕಾರ ಎಂಬ ಎರಡು ತಲೆಬರಹಗಳ ಅಡಿಯಲ್ಲಿ ಬಹುಕಾಲ ಚರ್ಚಿಸಿದ ವಿಷಯಕ್ಕೇ ಇದು ಸೇರುತ್ತದೆ. ಪ್ರಮಾಣವೆಂದರೆ ಸರಿಯಾದ ಅರಿವನ್ನು ಹುಟ್ಟಿಸುವ ಸಾಧನ. ಅಧಿಕಾರವೆಂದರೆ ಒಂದು ವಿದ್ಯೆಯನ್ನು ಪಡೆಯಲು ಅಥವಾ ಹೇಳಲು ಒಬ್ಬನಿಗಿರುವ ಅರ್ಹತೆ. ತರಗತಿಯ ಗೋಡೆಗೆ ಪ್ರೊಜೆಕ್ಟರಿನ ಬೆಳಕು ಬಿದ್ದ ದಿನದಿಂದ ಇವೆರಡೂ ಶಿಕ್ಷಕನ ಕೈಯಿಂದ ಸ್ವಲ್ಪಸ್ವಲ್ಪವಾಗಿ ಜಾರುತ್ತಿವೆ ಎಂಬ ಆತಂಕ ಸುಳ್ಳೇನಲ್ಲ, ಆದರೆ ಅದು ಪೂರ್ತಿ ನಿಜವೂ ಅಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಬದಲಾವಣೆ ಒಮ್ಮೆಲೇ ಬಂದದ್ದಲ್ಲ. 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಕಂಪ್ಯೂಟರ್ ಕಲಿಸುವ ಹೊಣೆ ಹೆಚ್ಚಾಗಿ ಹೊರಗಿನ ಸಂಸ್ಥೆಗಳು ನೇಮಿಸಿದ ಬೋಧಕರದಾಗಿತ್ತು. ಗಣಿತದ ಅಥವಾ ಸಮಾಜ ವಿಜ್ಞಾನದ ಶಿಕ್ಷಕರಿಗೆ ಆ ಕೊಠಡಿಯೊಂದಿಗೆ ಅಷ್ಟಾಗಿ ವ್ಯವಹಾರವಿರಲಿಲ್ಲ. ಮುಂದಿನ ದಶಕದ ಆರಂಭದಲ್ಲಿ ವಿಷಯ ಶಿಕ್ಷಕರ ವೇದಿಕೆಗಳು ರೂಪುಗೊಂಡು, ಶಿಕ್ಷಕರೇ ಬರೆದು, ತಿದ್ದಿ, ಹಂಚಿಕೊಳ್ಳುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ಹುಟ್ಟಿಕೊಂಡಾಗ ಈ ದೂರ ಮೊದಲ ಬಾರಿಗೆ ಕಡಿಮೆಯಾಯಿತು. ಆ ತಾಣದ ಆಧಾರ ವಿಕಿ, ಅಂದರೆ ಓದುವವರೆಲ್ಲರೂ ಬರೆಯಲೂ ಬಹುದಾದ ಪುಟಗಳ ಕಟ್ಟು. 2016-17ರ ಹೊತ್ತಿಗೆ, ಶಿಕ್ಷಕರ ಬಾಯಲ್ಲಿ ‘ಟಾಲ್ಪ್’ ಎಂದೇ ಕರೆಯಿಸಿಕೊಳ್ಳುವ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ಬಂತು. 2017ರ ಸೆಪ್ಟೆಂಬರ್ 5ರಂದು ‘ದೀಕ್ಷಾ’ ವೇದಿಕೆ ರಾಷ್ಟ್ರಮಟ್ಟದಲ್ಲಿ ಉದ್ಘಾಟನೆಯಾಗಿ, ಅದರ ಬೆನ್ನಿಗೇ ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್‌ಗಳು ಕಾಣಿಸಿಕೊಂಡವು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲಂತೂ ಕಲಿಯಬೇಕೋ ಬೇಡವೋ ಎಂಬ ಆಯ್ಕೆಯೇ ಉಳಿಯಲಿಲ್ಲ. ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದು ಸರಾಗವಾಗಿ ಪಾಠ ಮಾಡಿದವರು ಲಾಗಿನ್ ಆಗುವುದು ಹೇಗೆ, ಪರದೆಯನ್ನು ಹಂಚಿಕೊಳ್ಳುವುದು ಹೇಗೆ, ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಟಿಪ್ಪಣಿಗಳನ್ನು ಯೂನಿಕೋಡಿಗೆ ತರುವುದು ಹೇಗೆ ಎಂಬುದನ್ನು ತಮ್ಮ ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಕುಳಿತು ಕಲಿಯಬೇಕಾಯಿತು.

ಈ ಕಲಿಕೆಯಲ್ಲಿ ತಾಂತ್ರಿಕ ತೊಡಕಿಗಿಂತ ದೊಡ್ಡದು ಸಂಕೋಚ. ತಿಳಿಯದೆಂದು ವಿದ್ಯಾರ್ಥಿಯ ಎದುರಿನಲ್ಲಿ ತೋರಗೊಡುವುದು ಗುರುಸ್ಥಾನಕ್ಕೆ ಕುಂದೆಂಬ ಭಾವನೆ ಆಳವಾಗಿ ಬೇರುಬಿಟ್ಟಿದೆ, ಮತ್ತು ಅದಕ್ಕೆ ಪರಂಪರೆಯ ಬೆಂಬಲವಿದೆ ಎಂದು ಅನೇಕರು ಪ್ರಾಮಾಣಿಕವಾಗಿ ನಂಬಿದ್ದಾರೆ. ಆದರೆ ಪರಂಪರೆಯ ಮಾತು ಅಷ್ಟು ಸರಳವಾಗಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಎರಡನೆಯ ಅಧ್ಯಾಯದಲ್ಲಿ, ಗರ್ವಿಷ್ಠನೂ ವಾಚಾಳಿಯೂ ಆದ ಬಾಲಾಕಿ ಗಾರ್ಗ್ಯನು ಕಾಶಿಯ ದೊರೆ ಅಜಾತಶತ್ರುವಿಗೆ ಬ್ರಹ್ಮವನ್ನು ಬೋಧಿಸಲು ಹೋಗಿ, ಹೇಳಿದ್ದೆಲ್ಲವೂ ದೊರೆಗೆ ಮೊದಲೇ ತಿಳಿದಿರುವುದನ್ನು ಕಂಡು, ಕೊನೆಗೆ ಮೌನವಾಗಿ, ತನ್ನನ್ನೇ ಶಿಷ್ಯನನ್ನಾಗಿ ಸ್ವೀಕರಿಸುವಂತೆ ಕೇಳಿಕೊಳ್ಳುತ್ತಾನೆ. ಬ್ರಾಹ್ಮಣನೊಬ್ಬ ಕ್ಷತ್ರಿಯನಲ್ಲಿ ವಿದ್ಯೆ ಬೇಡುವುದು ಪ್ರತಿಲೋಮ, ಎಂದರೆ ರೂಢಿಯ ಕ್ರಮಕ್ಕೆ ತಿರುಗುಮುರುಗಾದದ್ದು, ಎಂದು ಅಜಾತಶತ್ರು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೂ ಅವನ ಕೈಹಿಡಿದು ಎಬ್ಬಿಸಿ, ಮಲಗಿರುವ ಮನುಷ್ಯನೊಬ್ಬನ ಬಳಿಗೆ ಕರೆದೊಯ್ದು ಪಾಠ ಆರಂಭಿಸುತ್ತಾನೆ. ಕ್ರಮ ತಿರುಗಿದ್ದನ್ನು ಗ್ರಂಥ ಮುಚ್ಚಿಡುವುದೂ ಇಲ್ಲ, ಅದೇ ಕಾರಣಕ್ಕೆ ಪಾಠವನ್ನು ನಿಲ್ಲಿಸುವುದೂ ಇಲ್ಲ.

ಕನ್ನಡದ ನೆಲದಲ್ಲೇ ಇದಕ್ಕಿಂತ ತೀಕ್ಷ್ಣವಾದ ನಿದರ್ಶನವೊಂದಿದೆ. ಸೊನ್ನಲಿಗೆಯಲ್ಲಿ ಕೆರೆ, ಗುಡಿಗಳನ್ನು ಕಟ್ಟಿಸಿ ಯೋಗಿಯೆಂದು ಪ್ರಸಿದ್ಧನಾಗಿದ್ದ ಸಿದ್ಧರಾಮನು ಕಲ್ಯಾಣಕ್ಕೆ ಬಂದು, ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆದನೆಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಇಲ್ಲದ ಈ ಪ್ರಸಂಗ ಮುಂದಿನ ಸಂಪಾದನೆಗಳಲ್ಲಿ ಸೇರಿಕೊಂಡಿತು. ಹಿರಿಯ ಸಾಧಕನೊಬ್ಬನಿಗೆ ಕಿರಿಯನ ದೀಕ್ಷೆ ಬೇಕಿತ್ತೇ ಎಂಬುದು ಸಂಪಾದನಕಾರರ ನಡುವೆಯೇ ತೀರ್ಮಾನವಾಗದ ವಿವಾದವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತರಬೇತಿ ಕೊಠಡಿಯಲ್ಲಿ ಹಿಂದಿನ ಬೆಂಚು ಹುಡುಕುವ ಹಿರಿಯ ಶಿಕ್ಷಕರ ಮುಜುಗರ ಅವರ ವೈಯಕ್ತಿಕ ದೌರ್ಬಲ್ಯವೆಂದು ಭಾವಿಸುವವರು ಈ ಹಳೆಯ ವಿವಾದವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅಧಿಕಾರ ಯಾರಿಗೆ ಎಂಬ ಗೊಂದಲವನ್ನು ಬಿಡಿಸಲು ನ್ಯಾಯದರ್ಶನದ ‘ಆಪ್ತ’ ಎಂಬ ಪರಿಕಲ್ಪನೆ ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ. ಬೇರೆಯವರ ಮಾತಿನಿಂದ ಹುಟ್ಟುವ ಅರಿವನ್ನು ನೈಯಾಯಿಕರು ಶಬ್ದಪ್ರಮಾಣ ಎಂದು ಕರೆದು, ಆ ಮಾತು ಆಪ್ತನದಾಗಿರಬೇಕೆಂದು ನಿಯಮಿಸುತ್ತಾರೆ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಸ್ತುವನ್ನು ನೇರವಾಗಿ ಅರಿತು, ಅರಿತಂತೆಯೇ ಅದನ್ನು ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನೇ ಆಪ್ತ. ಈ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವಾಗಿ ಅನ್ವಯಿಸುತ್ತದೆಂದು ಅವನು ಸೇರಿಸುತ್ತಾನೆ. ಆಪ್ತತೆ ಇಲ್ಲಿ ಹುಟ್ಟಿಗಾಗಲೀ ವಯಸ್ಸಿಗಾಗಲೀ ಪೀಠಕ್ಕಾಗಲೀ ಅಂಟಿಕೊಂಡಿಲ್ಲ. ಅದು ವಿಷಯದಿಂದ ವಿಷಯಕ್ಕೆ ನಿರ್ಧಾರವಾಗುತ್ತದೆ. ಕಡತವೊಂದು ಏಕೆ ತೆರೆಯುತ್ತಿಲ್ಲ ಎಂಬ ವಿಷಯದಲ್ಲಿ ಒಂಬತ್ತನೇ ತರಗತಿಯ ಹುಡುಗಿ ಆಪ್ತಳಾಗಬಹುದು, ಆ ಕಡತದೊಳಗಿನ ಪ್ರಮೇಯದ ವಿಷಯದಲ್ಲಿ ಅವಳ ಶಿಕ್ಷಕ ಆಪ್ತನಾಗಿರಬಹುದು, ಮತ್ತು ಇವೆರಡೂ ಒಂದೇ ಪೀರಿಯಡ್ಡಿನಲ್ಲಿ ನಡೆಯಬಹುದು. ಒಂದು ವಿಷಯದಲ್ಲಿ ಆಪ್ತನಾದವನು ಎಲ್ಲದರಲ್ಲೂ ಆಪ್ತನಾಗಿರಲೇಬೇಕೆಂಬ ನಿರೀಕ್ಷೆ ಬಂದದ್ದು ತರ್ಕಶಾಸ್ತ್ರದಿಂದಲ್ಲ, ಸಮಾಜದ ಮೇಲುಕೀಳಿನಿಂದ.

ಹೀಗೆಂದ ಮಾತ್ರಕ್ಕೆ ಉಪಕರಣದ ಬಗೆಗಿನ ಹಳೆಯ ಸಂಶಯಗಳನ್ನು ತಳ್ಳಿಹಾಕುವಂತಿಲ್ಲ. ವೇದೋಚ್ಚಾರಣೆಯ ಶಾಸ್ತ್ರವನ್ನು ಹೇಳುವ ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸುತ್ತದೆ. ಹಾಡಿದಂತೆ ಓದುವವನು, ಅವಸರದಲ್ಲಿ ಓದುವವನು, ತಲೆಯಾಡಿಸುತ್ತ ಓದುವವನು ಮುಂತಾದವರ ಜೊತೆಗೆ, ಬರೆದದ್ದನ್ನು ನೋಡಿಕೊಂಡು ಓದುವವನೂ ಅರ್ಥವರಿಯದವನೂ ಆ ಪಟ್ಟಿಯಲ್ಲಿದ್ದಾರೆ. ಬರಹವೇ ಅಂದಿಗೆ ಕಲಿಕೆಯ ನಡುವೆ ನುಸುಳಿದ ಹೊಸ ಉಪಕರಣ. ಇಂದು ಸ್ಲೈಡುಗಳತ್ತ ತಿರುಗಿ ನಿಂತು, ಗೋಡೆಯ ಮೇಲಿರುವುದನ್ನೇ ಪದಕ್ಕೆ ಪದ ಓದಿ ಗಂಟೆ ಮುಗಿಸುವ ಬೋಧಕನನ್ನು ಕಂಡಿದ್ದರೆ ಆ ಶಿಕ್ಷಾಕಾರ ಅವನನ್ನು ಯಾವ ಗುಂಪಿಗೆ ಸೇರಿಸುತ್ತಿದ್ದನೆಂದು ಊಹಿಸುವುದು ಕಷ್ಟವೇನಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಪ್ರಾಮಾಣ್ಯದ್ದು, ಅಂದರೆ ಹುಟ್ಟಿದ ಅರಿವು ಸರಿಯೆಂಬುದು ಹೇಗೆ ಗೊತ್ತಾಗುತ್ತದೆ ಎಂಬುದರದ್ದು. ಅರಿವು ತಾನಾಗಿಯೇ ಪ್ರಮಾಣವಾಗಿದ್ದು, ಬಾಧಕ ಜ್ಞಾನ ಎದುರಾಗುವವರೆಗೆ ಅದನ್ನು ಸಂಶಯಿಸಬೇಕಿಲ್ಲವೆಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯವಾದ. ಅರಿವು ಸರಿಯೆಂಬುದು ಅದರ ಹೊರಗಿನ ಕಾರಣಗಳಿಂದ, ಪರೀಕ್ಷೆಯಿಂದ, ಫಲದಿಂದ ತಿಳಿಯಬೇಕೆಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ಜಾಲದಲ್ಲಿ ಹುಡುಕಿ ಮೊದಲು ಸಿಕ್ಕ ಉತ್ತರವನ್ನು ನೋಟ್‌ಬುಕ್ಕಿಗೆ ಇಳಿಸುವ ವಿದ್ಯಾರ್ಥಿ ತನಗರಿವಿಲ್ಲದೆಯೇ ಮೊದಲ ಪಕ್ಷದವನು. ಮೀಮಾಂಸಕರ ಇನ್ನೊಂದು ವಾದವೂ ಇಲ್ಲಿ ವಿಚಿತ್ರ ರೀತಿಯಲ್ಲಿ ಮರಳಿ ಬರುತ್ತದೆ. ಮಾತಿನಲ್ಲಿ ದೋಷ ಬರುವುದು ಆಡುವವನಿಂದ. ವೇದಕ್ಕೆ ಆಡಿದವನೇ ಇಲ್ಲ, ಅದು ಅಪೌರುಷೇಯ. ಆದುದರಿಂದ ಅದರಲ್ಲಿ ದೋಷಕ್ಕೆ ಎಡೆಯಿಲ್ಲವೆಂದು ಕುಮಾರಿಲಭಟ್ಟ ವಾದಿಸಿದ. ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ಯಾರ ಹೆಸರೂ ಇಲ್ಲದೆ, ತಡವರಿಸದೆ, ಅಚ್ಚುಕಟ್ಟಾದ ವಾಕ್ಯಗಳಲ್ಲಿ ಉತ್ತರ ಕೊಟ್ಟಾಗ ಅದರ ಸುತ್ತ ಇಂಥದೇ ಒಂದು ಅಪೌರುಷೇಯತೆಯ ಪ್ರಭೆ ಹುಟ್ಟುತ್ತದೆ. ವಾಸ್ತವದಲ್ಲಿ ಅದು ಅಸಂಖ್ಯ ಮನುಷ್ಯರು ಬರೆದ ಪಠ್ಯಗಳಿಂದ ರೂಪುಗೊಂಡದ್ದು. ಅಲ್ಲಿ ಆಡಿದವರು ಇಲ್ಲವೆಂದಲ್ಲ, ಅವರು ಕಾಣಿಸುವುದಿಲ್ಲ ಅಷ್ಟೆ. ಅವರ ದೋಷಗಳು ಮಾತ್ರ ಉಳಿದುಕೊಂಡು, ದೋಷದ ಹೊಣೆ ಹೊರುವವರು ಮರೆಯಾಗಿರುತ್ತಾರೆ. ವಾತ್ಸ್ಯಾಯನನ ಲಕ್ಷಣದ ಎರಡನೆಯ ಅಂಗ, ಅಂದರೆ ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆ, ಇಂಥ ಯಂತ್ರಕ್ಕೆ ಇದೆಯೆಂದು ಹೇಳಲು ಸದ್ಯಕ್ಕೆ ಯಾವ ಆಧಾರವೂ ಇಲ್ಲ.

ಹಾಗಾದರೆ ಶಿಕ್ಷಕನು ಈ ಉಪಕರಣಗಳನ್ನು ಕಲಿಯಬೇಕಾದದ್ದೇಕೆ? ಕಾಲಕ್ಕೆ ತಕ್ಕಂತೆ ಇರಬೇಕೆಂಬ ಸಾಮಾನ್ಯ ಉತ್ತರ ತೀರ ಪೇಲವವಾದದ್ದು. ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಒಂದರ ಪಕ್ಕದಲ್ಲಿ ಒಂದಾಗಿ ನಿಂತಿರುವ ಎರಡು ಕಥೆಗಳನ್ನು ಜೋಡಿಸಿ ಓದಿದರೆ ಹೆಚ್ಚು ಗಟ್ಟಿಯಾದ ಉತ್ತರವೊಂದು ದೊರೆಯುತ್ತದೆ. ಮೊದಲನೆಯದು ಸತ್ಯಕಾಮ ಜಾಬಾಲನದು: ಹಾರಿದ್ರುಮತ ಗೌತಮನು ಒಪ್ಪಿಸಿದ ನಾನೂರು ಬಡಕಲು ಹಸುಗಳು ಸಾವಿರವಾಗುವವರೆಗೆ ಕಾಡಿನಲ್ಲಿದ್ದ ಅವನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ಹೇಳಿಕೊಟ್ಟವರು ಕ್ರಮವಾಗಿ ಒಂದು ಎತ್ತು, ಅಗ್ನಿ, ಹಂಸ ಮತ್ತು ಮದ್ಗು ಎಂಬ ನೀರುಹಕ್ಕಿ. ಮರಳಿ ಬಂದ ಶಿಷ್ಯನ ಮುಖದ ಕಾಂತಿಯನ್ನು ಕಂಡು, ನಿನಗೆ ಕಲಿಸಿದವರು ಯಾರೆಂದು ಗೌತಮ ಕೇಳುತ್ತಾನೆ. ಮನುಷ್ಯರಲ್ಲದವರು ಕಲಿಸಿದರೆಂದು ಸತ್ಯಕಾಮ ನೇರವಾಗಿ ಹೇಳಿ, ಆದರೂ ಆಚಾರ್ಯನಿಂದಲೇ ಕೇಳಬೇಕೆಂಬ ಬಯಕೆಯನ್ನು ಮುಂದಿಡುತ್ತಾನೆ. ಗೌತಮ ಅದನ್ನೇ ಹೇಳುತ್ತಾನೆ, ಏನನ್ನೂ ಬಿಡುವುದಿಲ್ಲ.

ಎರಡನೆಯ ಕಥೆಯಲ್ಲಿ ಸತ್ಯಕಾಮನೇ ಆಚಾರ್ಯ. ಹನ್ನೆರಡು ವರ್ಷ ಅವನ ಅಗ್ನಿಗಳ ಸೇವೆ ಮಾಡಿದ ಉಪಕೋಸಲನಿಗೆ ಮಾತ್ರ ಪಾಠ ಹೇಳದೆ, ಹೆಂಡತಿಯ ಮಾತನ್ನೂ ಕೇಳದೆ, ಅವನು ಪ್ರವಾಸ ಹೊರಟುಬಿಡುತ್ತಾನೆ. ನೊಂದು ಊಟ ಬಿಟ್ಟ ಶಿಷ್ಯನನ್ನು ಕಂಡು ಮರುಗಿದ ಅಗ್ನಿಗಳು ತಾವೇ ಕಲಿಸಲು ತೊಡಗುತ್ತವೆ. ಮೊದಲ ಉಪದೇಶದಲ್ಲಿ ಒಂದಂಶ ತಿಳಿಯಿತು, ಉಳಿದೆರಡು ತಿಳಿಯಲಿಲ್ಲವೆಂದು ಉಪಕೋಸಲ ಹೇಳಿದಾಗ ಅವು ವಿವರಿಸುತ್ತವೆ. ಆಮೇಲೆ ಗಾರ್ಹಪತ್ಯ, ಅನ್ವಾಹಾರ್ಯಪಚನ, ಆಹವನೀಯ ಎಂಬ ಮೂರು ಅಗ್ನಿಗಳೂ ಒಂದೊಂದಾಗಿ ಪಾಠ ಹೇಳುತ್ತವೆ. ಕೊನೆಯಲ್ಲಿ, ಗತಿಯನ್ನು, ಅಂದರೆ ಈ ಅರಿವು ಒಯ್ಯುವ ದಾರಿಯನ್ನು, ಆಚಾರ್ಯನೇ ಹೇಳುವನೆಂದು ಅವೇ ತಿಳಿಸಿ ಸುಮ್ಮನಾಗುತ್ತವೆ. ತನ್ನ ಬೋಧನೆಯ ಗಡಿಯನ್ನು ತಾನೇ ಗುರುತಿಸಿ ಹೇಳುವ ಉಪಕರಣ ಇಂದಿನ ಮಾರುಕಟ್ಟೆಯಲ್ಲಿ ಅಪರೂಪ ಎಂಬುದನ್ನು ಹೇಳದೆ ಇರಲಾಗದು.

ಗಡಿ ಎಂಬುದು ಇಲ್ಲಿ ಅಮೂರ್ತವಾದ ಮಾತಲ್ಲ. 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ, ಇಂದು ಕರ್ನಾಟಕದ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೂ ಪರಿಚಿತವಾಗಿರುವ ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಭುಜವೊಂದರ ಶೃಂಗವನ್ನು ಹಿಡಿದು ಎಳೆದಂತೆಲ್ಲ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ತೋರಿಸಲು ಸಾಧ್ಯವೇ ಇರಲಿಲ್ಲ. ಆದರೆ ಪ್ರತಿಯೊಂದು ಕೋನವನ್ನೂ ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿ ತೋರಿಸುವಾಗ, ಪರದೆಯಲ್ಲಿ ಕಾಣುವ ಮೂರು ಸಂಖ್ಯೆಗಳನ್ನು ವಿದ್ಯಾರ್ಥಿ ಕೂಡಿಸಿದರೆ ಒಮ್ಮೊಮ್ಮೆ 180.01 ಅಥವಾ 179.99 ಬರುತ್ತದೆ. ಪ್ರಮೇಯ ಸುಳ್ಳೇ, ಯಂತ್ರ ತಪ್ಪೇ, ಕೂಡಿಸಿದ್ದು ತಪ್ಪೇ ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದಾಗ ತಂತ್ರಾಂಶ ಉತ್ತರಿಸುವುದಿಲ್ಲ. ಎಷ್ಟು ತ್ರಿಭುಜಗಳನ್ನು ಕಣ್ಣಾರೆ ಕಂಡರೂ ಅದು ಸಾಧನೆಯಾಗದು, ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದು ತರ್ಕಿಸಿದಾಗಲೇ ಎಲ್ಲ ತ್ರಿಭುಜಗಳಿಗೂ ಅದು ಸಿದ್ಧವಾಗುತ್ತದೆ ಎಂಬುದನ್ನು ಹೇಳುವವನು ಶಿಕ್ಷಕನೇ. ಅವನು ತಂತ್ರಾಂಶವನ್ನು ಸ್ವತಃ ಎಳೆದಾಡಿ ನೋಡಿರದಿದ್ದರೆ ಈ ಪ್ರಶ್ನೆ ಎಲ್ಲಿಂದ ಬಂತೆಂಬುದೇ ಅವನಿಗೆ ಹೊಳೆಯುವುದಿಲ್ಲ.

ಪ್ರವಾಸ ಮುಗಿಸಿ ಬಂದ ಸತ್ಯಕಾಮ ಉಪಕೋಸಲನನ್ನು ಕೇಳುವುದು, ಒಂದು ಕಾಲದಲ್ಲಿ ಗೌತಮ ತನ್ನನ್ನು ಕೇಳಿದ್ದ ಪ್ರಶ್ನೆಯನ್ನೇ. ಆದರೆ ಈ ಶಿಷ್ಯ ಸತ್ಯಕಾಮನಷ್ಟು ನೇರವಾಗಿಲ್ಲ. ತನಗೆ ಯಾರು ತಾನೇ ಕಲಿಸುತ್ತಾರೆಂದು ಮುಚ್ಚಿಡುವವನಂತೆ ಮಾತನಾಡಿ, ಆಮೇಲೆ ಅಗ್ನಿಗಳತ್ತ ಸೂಚಿಸುತ್ತಾನೆ. ಮೊಬೈಲಿನಿಂದ ಇಳಿಸಿಕೊಂಡ ಪ್ರಬಂಧವನ್ನು ಸ್ವಂತದ್ದೆಂದು ಒಪ್ಪಿಸುವ ವಿದ್ಯಾರ್ಥಿಯ ಮುಖಭಾವವನ್ನು ಬಲ್ಲ ಶಿಕ್ಷಕರಿಗೆ ಈ ಸನ್ನಿವೇಶ ಅಪರಿಚಿತವೆನಿಸದು. ಸತ್ಯಕಾಮ ಮುನಿಯುವುದಿಲ್ಲ, ಅಗ್ನಿಗಳನ್ನು ಹಳಿಯುವುದೂ ಇಲ್ಲ. ಅವು ಏನು ಹೇಳಿದವೆಂದು ಕೇಳಿ, ಪೂರ್ತಿಯಾಗಿ ಆಲಿಸಿ, ಅವು ಲೋಕಗಳನ್ನಷ್ಟೇ ಹೇಳಿವೆಯೆಂದು ತಿಳಿಸಿ, ಉಳಿದದ್ದನ್ನು ತಾನು ಹೇಳಲು ತೊಡಗುತ್ತಾನೆ. ಎಷ್ಟು ಹೇಳಿವೆ, ಎಲ್ಲಿ ನಿಂತಿವೆ ಎಂಬುದನ್ನು ಅಷ್ಟು ನಿಖರವಾಗಿ ಅವನು ಗುರುತಿಸಿದ್ದು ಹೇಗೆಂದು ಉಪನಿಷತ್ತು ವಿವರಿಸುವುದಿಲ್ಲ. ಆದರೆ ಕಾಡಿನಲ್ಲಿ ಹಸುಗಳನ್ನು ಕಟ್ಟಿ ಹಾಕಿ, ಸೌದೆಯಿಟ್ಟು, ಪೂರ್ವಾಭಿಮುಖವಾಗಿ ಕುಳಿತ ಒಂದು ಸಂಜೆ ಬ್ರಹ್ಮದ ಎರಡನೆಯ ಪಾದವನ್ನು ಅವನಿಗೆ ಹೇಳಿಕೊಟ್ಟದ್ದು ಅಗ್ನಿಯೇ ಎಂಬುದನ್ನು ಅದೇ ಅಧ್ಯಾಯ ಕೆಲವೇ ಖಂಡಗಳ ಹಿಂದೆ ದಾಖಲಿಸಿದೆ.